ಎಲೆಕೋಸಿನ ಮೇಲೆ ಕಾಣುವ ಪುಟ್ಟ ಬೂದು ಪತಂಗ ಯಾವುದು?

ಎಲೆಕೋಸಿನ ಗಿಡ ಅಲುಗಿದೊಡನೆ ಎದ್ದು ತುಸು ದೂರ ಹಾರಿ ಕೂರುವ ಬೂದುಗಂದು ಬಣ್ಣದ ಪುಟ್ಟ ಕೀಟವು ಬಹುಮಟ್ಟಿಗೆ ವಜ್ರಬೆನ್ನಿನ ಪತಂಗ, ಅಂದರೆ ಪ್ಲುಟೆಲ್ಲಾ ಕ್ಸೈಲೊಸ್ಟೆಲ್ಲಾ. ಬಿಚ್ಚಿದ ರೆಕ್ಕೆಗಳ ಅಗಲ ಸುಮಾರು 15 ಮಿಲಿಮೀಟರ್ ಮಾತ್ರ. ಮುಂದಿನ ರೆಕ್ಕೆಗಳ ಹಿಂಬದಿಯ ಅಂಚಿನುದ್ದಕ್ಕೂ ಅಲೆಯಂತೆ ಬಾಗಿದ ಕೆನೆಬಣ್ಣದ ಪಟ್ಟಿಯಿದ್ದು, ಪತಂಗ ರೆಕ್ಕೆ ಮಡಚಿ ಕುಳಿತಾಗ ಎರಡೂ ಬದಿಯ ಪಟ್ಟಿಗಳು ಬೆನ್ನ ನಡುವೆ ಕೂಡಿಕೊಂಡು ಸಾಲಾಗಿ ವಜ್ರಾಕೃತಿಗಳನ್ನು ಮೂಡಿಸುತ್ತವೆ; ಭೂತಗನ್ನಡಿ ಹಿಡಿದು ನೋಡುವಷ್ಟು ಸೊಗಸಾದ ಗುರುತಿದು. ಕೆಲವು ಪತಂಗಗಳಲ್ಲಿ, ಅದರಲ್ಲೂ ಹೆಣ್ಣಿನಲ್ಲಿ, ಈ ಗುರುತು ಮಸುಕಾಗಿರುವುದರಿಂದ ನೇರವಾಗಿ ಮುಂದಕ್ಕೆ ಚಾಚಿದ ಮೀಸೆಗಳನ್ನೂ, ತುದಿಯಲ್ಲಿ ಮೇಲಕ್ಕೆ ತಿರುಗಿದ ರೆಕ್ಕೆಯ ಕುಚ್ಚನ್ನೂ ಗಮನಿಸಬೇಕು. ಇನ್ನೂ ಅನುಮಾನವಿದ್ದರೆ ಎಲೆಯ ಅಡಿಭಾಗ ನೋಡಿ: ಎರಡೂ ತುದಿ ಚೂಪಾದ ಇದರ ಹಸಿರು ಮರಿಹುಳು, ಮುಟ್ಟಿದ ಕೂಡಲೇ ವಿಲವಿಲ ಒದ್ದಾಡಿ ರೇಷ್ಮೆಯೆಳೆಯಲ್ಲಿ ಕೆಳಗಿಳಿಯುತ್ತದೆ.