ಷೆಡ್ಡಿನಲ್ಲಿ ನಿಂತಿರುವ ಅಪ್ಪನ ಹಳೇ ಜೀಪು: ಪೇಂಟ್ ಮಾಡಿಸಿ ಮಾರಲಾ, ಇದ್ದ ಹಾಗೇ ಕೊಡಲಾ?

ಇದ್ದ ಹಾಗೇ ಕೊಡಿ. ಪೇಂಟ್ ಡಬ್ಬಿ ಮುಟ್ಟಲೇಬೇಡಿ.

ನೀವು ಬರೆದಿದ್ದು ಇಷ್ಟು: ತೀರಿಹೋದ ಅಪ್ಪನ ಪೆಟ್ರೋಲ್ ಫೋರ್ ವೀಲ್ (ನಾಲ್ಕೂ ಚಕ್ರಕ್ಕೆ ಇಂಜಿನ್ ಎಳೆತ ಇರುವ) ಜೀಪು, ಹದಿನೈದು ವರ್ಷದಿಂದ ತೋಟದ ಷೆಡ್ಡಿನಲ್ಲಿದೆ, ಇಂಜಿನ್ ಜಾಮ್, ಬ್ರೋಕರ್ ಒಬ್ಬ ಬಂದು ಗುಜರಿ ರೇಟು ಹೇಳಿ ಹೋಗಿದ್ದಾನೆ. ನಾನು ಮೂಡಿಗೆರೆ ಕಡೆಯವನು. ನಮ್ಮ ಮನೆಯಿಂದ ಇಂಥವೇ ಎರಡು ಜೀಪು ಮಾರಿದ್ದೇವೆ. ಮೊದಲನೆಯದರಲ್ಲಿ ಚೆನ್ನಾಗಿ ಕೈ ಸುಟ್ಟುಕೊಂಡೆವು.

ಅದು ಚಿಕ್ಕಪ್ಪನ ಜೀಪು. ಟಿಂಕರಿಂಗ್, ಪುಟ್ಟಿ, ಮಿಲಿಟರಿ ಹಸಿರು ಪೇಂಟ್ ಅಂತ ಅರವತ್ತು ಸಾವಿರ ಸುರಿದೆವು. ಫಳಫಳ ಅಂತಿತ್ತು. ನೋಡೋಕೆ ಬಂದವರು ಜೇಬಿನಿಂದ ಒಂದು ಪುಟ್ಟ ಅಯಸ್ಕಾಂತ ತೆಗೆದರು. ಬಾನೆಟ್ ಮೇಲೆ ಇಟ್ಟರು, ಅಂಟಿತು. ಬಾಡಿಯ ಪಕ್ಕಕ್ಕೆ ಇಟ್ಟರು, ಜಾರಿ ಬಿತ್ತು. ಹಿಂದಕ್ಕೆ ಇಟ್ಟರು, ಅಲ್ಲೂ ಬಿತ್ತು. ತೂತು ಮುಚ್ಚಲು ಪುಟ್ಟಿ ದಪ್ಪಗೆ ಮೆತ್ತಿದ ಕಡೆ ಅಯಸ್ಕಾಂತ ಹಿಡಿಯುವುದಿಲ್ಲ. "ತುಕ್ಕು ಕಣ್ಣಿಗೆ ಕಂಡಿದ್ರೆ ನಾನೇ ಲೆಕ್ಕ ಹಾಕ್ತಿದ್ದೆ. ಈಗ ಪುಟ್ಟಿ ಒಳಗೆ ಏನಿದೆಯೋ ಯಾರಿಗೆ ಗೊತ್ತು ಸಾರ್?" ಅಂದರು. ಪೇಂಟಿಗೆ ಹಾಕಿದ್ದರಲ್ಲಿ ಒಂದು ರೂಪಾಯಿಯೂ ವಾಪಸ್ ಬರಲಿಲ್ಲ. ಇಂಥ ಗಾಡಿ ಕೊಳ್ಳುವವರು ಹೇಗೂ ಚಾಸಿ, ಅಂದರೆ ಅಡಿಯ ಚೌಕಟ್ಟಿನ ತನಕ ಬಿಚ್ಚುತ್ತಾರೆ. ನಿಮ್ಮ ಪೇಂಟನ್ನು ಕೆರೆದು ತೆಗೆಯುವುದು ಅವರಿಗೆ ಇನ್ನೊಂದು ಕೆಲಸ, ಅಷ್ಟೇ.

ಈಗ ನಿಮ್ಮ ಜೀಪು ಯಾವುದು ಅಂತ ಸರಿಯಾಗಿ ತಿಳಿದುಕೊಳ್ಳಿ. ನಮ್ಮ ಕಡೆ ಹಳೇ ಜೀಪೆಲ್ಲ "ಮಿಲಿಟರಿ ವಿಲ್ಲೀಸ್" ತಾನೇ? ಮುಂದಿನ ಗ್ರಿಲ್ಲಿನ ಸೀಳು ಎಣಿಸಿ. ಒಂಬತ್ತಿದ್ದರೆ ಅದು ಅಮೆರಿಕದ ವಿಲ್ಲೀಸ್ ಕಂಪನಿಯ 1941-45ರ ಯುದ್ಧದ ಕಾಲದ್ದಿರಬಹುದು. ಆಗ ಫೋರ್ಡ್ ಕೂಡ ಇದೇ ಜೀಪು ಮಾಡುತ್ತಿತ್ತು, ಅದರ ಬೋಲ್ಟುಗಳ ತಲೆ ಮೇಲೆ 'ಎಫ್' ಅಕ್ಷರ ಇರುತ್ತದೆ. ಏಳಿದ್ದರೆ ಜನಸಾಮಾನ್ಯರಿಗೆ ಅಂತ ಮಾಡಿದ ಸಿಜೆ. ಗ್ರಿಲ್ ಬದಲಾಗಿರಲೂಬಹುದು, ಅದೊಂದನ್ನೇ ನಂಬಬೇಡಿ. 1940ರ ದಶಕದ ಕೊನೆಯಲ್ಲೇ ಮಹೀಂದ್ರಾದವರು ವಿಲ್ಲೀಸ್ ಜೀಪುಗಳನ್ನು ಇಲ್ಲಿ ಜೋಡಿಸತೊಡಗಿದ್ದರು. ತೋಟಗಳಲ್ಲಿ ಉಳಿದಿರುವುದು ಹೆಚ್ಚಾಗಿ ಎತ್ತರದ ಬಾನೆಟ್ಟಿನ ಸಿಜೆ3ಬಿ. 1953ರಲ್ಲಿ ಬಂದ ಮಾಡೆಲ್ ಅದು. 2.2 ಲೀಟರಿನ ಹರಿಕೇನ್ ಇಂಜಿನ್ ಎತ್ತರ ಜಾಸ್ತಿ, ಹಳೇ ಬಾನೆಟ್ಟಿನಡಿ ಹಿಡಿಯುತ್ತಿರಲಿಲ್ಲ. ಅದಕ್ಕೇ ಬಾನೆಟ್ ಎತ್ತಿದರು. ನಮ್ಮ ಎರಡನೆಯದು ಇದೇ, 1964ರದ್ದು.

ಅದನ್ನು ಮಾರುವಾಗ ರಿಪೇರಿ ಮಾಡಿಸಲಿಲ್ಲ. ಕಳೆದುಹೋದ ಸಾಮಾನು ಹುಡುಕಿದೆವು. ಹಿಂದಿನವರು ಪೆಟ್ರೋಲ್ ಉಳಿಯುತ್ತದೆ ಅಂತ ಮುಂದಿನ ಚಕ್ರಗಳಿಗೆ ಎಳೆತ ಕೊಡುವ ಪ್ರೊಪೆಲರ್ ಶಾಫ್ಟ್ ಬಿಚ್ಚಿ ಇಡುತ್ತಿದ್ದರು. ಎಲ್ಲಿಟ್ಟರು ಅಂತ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಕೊನೆಗೆ ನಮ್ಮ ಹಳೇ ಡ್ರೈವರಿಗೆ ಫೋನ್ ಮಾಡಿದೆ. ಈಗ ಮಗನ ಮನೆಯಲ್ಲಿದ್ದಾರೆ, ಕಿವಿ ಸ್ವಲ್ಪ ಮಂದ. ಮೂರು ಸಲ ಕೂಗಿ ಹೇಳಿದ ಮೇಲೆ "ಬಚ್ಚಲೊಲೆ ಸೌದೆ ಹಿಂದೆ ನೋಡಿ" ಅಂದರು. ಅಲ್ಲೇ ಇತ್ತು! ಗೇರ್ ಲಿವರ್ ಪಕ್ಕದ ಎರಡು ಚಿಕ್ಕ ಲಿವರುಗಳಲ್ಲಿ ಒಂದು ಗೊಬ್ಬರದ ಗೋಡೌನಿನಲ್ಲಿ ಸಿಕ್ಕಿತು, ಡಬ್ಬದ ಮುಚ್ಚಳ ಎಬ್ಬಿಸೋಕೆ ಇಟ್ಟುಕೊಂಡಿದ್ದರು. ನೀವೂ ಅಟ್ಟ, ಕೊಟ್ಟಿಗೆ ಎಲ್ಲ ಜಾಲಾಡಿ. ಇಂಥ ಒರಿಜಿನಲ್ ಸಾಮಾನು ಹೊರಗೆ ಸಿಗುವುದು ಕಷ್ಟ, ಸಿಕ್ಕರೂ ಬಾಯಿಗೆ ಬಂದ ರೇಟು.

ಮುಂದಿನ ಎರಡು ಚಕ್ರಗಳ ನಡುವಿನ ಹೌಸಿಂಗ್ ಒಳಗೆ ಗೇರ್ ಇದೆಯಾ ಅಂತಲೂ ನೋಡಿಸಿ. ಹೊರಗೆ ಫೋರ್ ವೀಲ್, ಒಳಗೆ ಖಾಲಿ ಡಬ್ಬ ಇರುವ ಜೀಪುಗಳೂ ಇವೆ. ಮುಂದಿನ ಎರಡೂ ಚಕ್ರ ಜಾಕಿ ಮೇಲೆ ಎತ್ತಿ, ಬ್ರೇಕ್ ಹಿಡಿದಿದ್ದರೆ ಬಿಡಿಸಿ, ಒಂದು ಚಕ್ರ ತಿರುಗಿಸಿ. ಇನ್ನೊಂದು ಉಲ್ಟಾ ತಿರುಗಬೇಕು, ಇಲ್ಲವೇ ಶಾಫ್ಟ್ ಕೂರುವ ಜಾಗ ತಿರುಗಬೇಕು. ಎರಡೂ ಆಗದಿದ್ದರೆ ಮೆಕ್ಯಾನಿಕ್ ಕೈಯಲ್ಲಿ ಬಿಚ್ಚಿಸಿ ನೋಡಿ.

ಇಂಜಿನ್ನಿಗೆ ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆಯಬೇಡಿ. ಪ್ಲಗ್ ಬಿಚ್ಚಿ ನಾಲ್ಕೂ ಸಿಲಿಂಡರಿಗೆ ಸ್ವಲ್ಪ ಡೀಸೆಲ್ ಬಿಡಿ, ಒಂದು ವಾರ ಸುಮ್ನೆ ಬಿಟ್ಟುಬಿಡಿ, ಆಮೇಲೆ ಹ್ಯಾಂಡಲ್ ಹಾಕಿ ಮೆಲ್ಲಗೆ ತಿರುಗಿಸಿ. ತಿರುಗಿತಾ, ರೇಟು ಏರಿತು. ತಿರುಗಲಿಲ್ಲವಾ, ಜಾಹೀರಾತಿನಲ್ಲಿ ಜಾಮ್ ಅಂತಲೇ ಬರೆಯಿರಿ. ಅದಕ್ಕಿಂತ ಮುಂದೆ ಹೋಗಬೇಡಿ.

ಕಬ್ಬಿಣಕ್ಕಿಂತ ಬೆಲೆ ಕಾಗದಕ್ಕೆ. ಆರ್‌ಸಿ ಇನ್ನೂ ಅಪ್ಪನ ಹೆಸರಲ್ಲಿದ್ದರೆ ಮೊದಲು ಫಾರಂ 31 ಕೊಟ್ಟು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಅಣ್ಣತಮ್ಮಂದಿರು, ಅಕ್ಕತಂಗಿಯರ ಒಪ್ಪಿಗೆ ಈಗಲೇ ತಗೊಳ್ಳಿ. ಗಿರಾಕಿ ಬಂದು ನಿಂತಾಗ ಮನೆಯೊಳಗೆ ಜಗಳ ಆಗಬಾರದು. ಮೈಸೂರು ರಾಜ್ಯದ ಕಾಲದ ಎಂವೈ ನಂಬರಾಗಿದ್ದರೆ ಅದು ಕಂಪ್ಯೂಟರಿಗೆ ಏರಿದೆಯಾ ಅಂತ ಆರ್‌ಟಿಓ ಆಫೀಸಿನಲ್ಲಿ ವಿಚಾರಿಸಿ. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಆರ್‌ಸಿ ಜೊತೆ ತಾಳೆ ನೋಡಿ.

ಮೊದಲ ರಿಜಿಸ್ಟ್ರೇಶನ್ ಆಗಿ 50 ವರ್ಷ ದಾಟಿದ್ದರೆ ಇನ್ನೊಂದು ದಾರಿಯೂ ಇದೆ. 2021ರಲ್ಲಿ ವಿಂಟೇಜ್ ವಾಹನಗಳಿಗೇ ಬೇರೆ ನಿಯಮ ಬಂತು. ಚಾಸಿ, ಬಾಡಿ, ಇಂಜಿನ್ ಮೂಲ ರೂಪದಲ್ಲಿರಬೇಕು. ರಿಜಿಸ್ಟ್ರೇಶನ್ 10 ವರ್ಷಕ್ಕೆ ಸಿಗುತ್ತದೆ, ಮೊದಲೇ ನಂಬರ್ ಇರುವ ಗಾಡಿ ಅದನ್ನೇ ಉಳಿಸಿಕೊಳ್ಳಬಹುದು. ಪ್ರದರ್ಶನ, ರ್‍ಯಾಲಿ, ರಿಪೇರಿ ಅಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು, ದಿನಾ ಓಡಿಸುವಂತಿಲ್ಲ. ಪೂಜೋ ಡೀಸೆಲ್ ಇಂಜಿನ್ ಕೂರಿಸಿಕೊಂಡ ಜೀಪುಗಳಿಗೆ ಇಲ್ಲಿ ತೊಡಕು. ನಿಮ್ಮದು ಮೊದಲಿನ ಪೆಟ್ರೋಲ್ ಇಂಜಿನ್ನೇ ಆಗಿದ್ದರೆ ಅದನ್ನು ಜಾಹೀರಾತಿನ ಮೊದಲ ಸಾಲಲ್ಲೇ ಹಾಕಿ.

ನಾವು ಫೋಟೋಗಳಲ್ಲಿ ಮೊದಲು ಹಾಕಿದ್ದೇ ತುಕ್ಕಿನದು. ಡ್ರೈವರ್ ಕಾಲಡಿಯ ತೂತಿನಲ್ಲಿ ನನ್ನ ಕೈ ತೂರಿಸಿ ತೆಗೆದದ್ದು. ಮನೆಯಲ್ಲಿ ಎಲ್ಲರೂ ಬೈದರು. ಆದರೆ ಟೈಂಪಾಸಿಗೆ ಫೋನ್ ಮಾಡುವವರು ಅಲ್ಲೇ ನಿಂತರು. ಬ್ರೋಕರ್ ನಲವತ್ತೈದು ಸಾವಿರ ಅಂದಿದ್ದ. ಮಂಗಳೂರಿನವರೊಬ್ಬರು ಒಂದು ಲಕ್ಷದ ತೊಂಬತ್ತು ಸಾವಿರಕ್ಕೆ ತಗೊಂಡರು. ಚೌಕಾಸಿ ಮಾಡಲು ಅವರಿಗೆ ಹೊಸ ದೋಷ ಏನೂ ಸಿಗಲಿಲ್ಲ. ಇದನ್ನೇ ನಿಮ್ಮ ರೇಟು ಅಂದುಕೊಳ್ಳಬೇಡಿ ಮತ್ತೆ, ಒಂದೊಂದು ಜೀಪಿನ ಕಥೆ ಒಂದೊಂದು.

"ಗಾಡಿ ಬೇಡ, ಪೇಪರ್ ಮಾತ್ರ ಕೊಡಿ" ಅನ್ನುವವರೂ ಬರುತ್ತಾರೆ. ಅಪ್ಪನ ಜೀಪಿನ ನಂಬರನ್ನು ಬೇರೆ ಯಾವುದೋ ಗಾಡಿಗೆ ಹಚ್ಚುವ ವ್ಯವಹಾರ ಅದು. ಕಾಫಿ ಕೊಟ್ಟು ಕಳಿಸಿ. ಗಿರಾಕಿ ಹೆಸರು ತುಂಬದೆ ಬರೀ ಸಹಿ ಹಾಕಿದ ಫಾರಂ 29, 30ನ್ನು (ಮಾರಿದ ಗಾಡಿಯ ಹೆಸರು ಬದಲಾಯಿಸುವ ಫಾರಂಗಳು) ಯಾರ ಕೈಗೂ ಕೊಡಬೇಡಿ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತದ ಹೊಣೆಯೂ ಅವರದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೆಸರು ಬದಲಾಗುವವರೆಗೆ ಬೆನ್ನು ಬಿಡಬೇಡಿ.

ಹಾಂ, ಗಾಳಿ ನಿಲ್ಲುವ ನಾಲ್ಕು ಟೈರ್ ಎಲ್ಲಿಂದಾದರೂ ಎರವಲು ತಂದು ಹಾಕಿಡಿ. ನಮಗೆ ಇದು ಹೊಳೆಯಲಿಲ್ಲ. ಲಾರಿ ಬಂದು ನಿಂತ ಮೇಲೆ, ಮಳೆಯಲ್ಲಿ, ಎಂಟು ಜನ ಸೇರಿ ಷೆಡ್ಡಿನಿಂದ ಅದನ್ನು ಎಳೆದು ಹತ್ತಿಸುವಷ್ಟರಲ್ಲಿ ಮಧ್ಯಾಹ್ನದ ಊಟ ಸಂಜೆ ಐದಕ್ಕಾಯಿತು.