ದುಡ್ಡಿರುವ ದೇಶದಲ್ಲೇ ನೆಟ್ ದುಬಾರಿ ಯಾಕೆ?

ಪ್ರಶ್ನೆ: ಸರ್, ನನ್ನ ತಮ್ಮ ಅಮೆರಿಕದಲ್ಲಿದ್ದಾನೆ, ಮಗಳು ರೊಮೇನಿಯಾದಲ್ಲಿ. ಮನೆಯ ಇಂಟರ್‌ನೆಟ್ಟಿಗೆ ತಮ್ಮ ಕಟ್ಟುವ ಬಿಲ್ ಮಗಳದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಆದರೂ ಸ್ಪೀಡ್ ಮಗಳ ಮನೆಯಲ್ಲೇ ಚೆನ್ನಾಗಿದೆ. ಇದು ಉಲ್ಟಾ ಆಗಬೇಕಿತ್ತು ಅಲ್ವಾ?

ಉತ್ತರ: ನಿಮ್ಮ ತಮ್ಮನನ್ನು ಒಂದೇ ಮಾತು ಕೇಳಿ. ಅವರ ಮನೆತನಕ ಎಷ್ಟು ಕಂಪನಿಗಳ ಕೇಬಲ್ ಬಂದಿದೆ? ಅಮೆರಿಕದ ಎಷ್ಟೋ ಬಡಾವಣೆಗಳಲ್ಲಿ ಒಂದು, ಹೆಚ್ಚೆಂದರೆ ಎರಡು. ಬೇರೆ ಕಡೆ ಹೋಗಲಾರದ ಗಿರಾಕಿಗೆ ಯಾರು ರೇಟ್ ಇಳಿಸುತ್ತಾರೆ ಹೇಳಿ?

ರೊಮೇನಿಯಾದ ಕಥೆ ನನಗೆ ತುಂಬಾ ಇಷ್ಟ. 2000ರ ಆಸುಪಾಸಿನಲ್ಲಿ ಅಲ್ಲಿನ ಹುಡುಗರು ಗೇಮ್ ಆಡೋಕೆ, ಫೈಲ್ ಹಂಚಿಕೊಳ್ಳೋಕೆ ಅಂತ ಅಪಾರ್ಟ್‌ಮೆಂಟುಗಳ ನಡುವೆ ತಾವೇ ಕೇಬಲ್ ಎಳೆದರು. ಕಿಟಕಿಯಿಂದ ಕಿಟಕಿಗೆ, ತಾರಸಿಯಿಂದ ತಾರಸಿಗೆ. ಹೀಗೆ ಬೀದಿ ಬೀದಿಯಲ್ಲಿ ಪುಟ್ಟ ನೆಟ್‌ವರ್ಕ್‌ಗಳು ಹುಟ್ಟಿದವು. ಆಮೇಲೆ ದೊಡ್ಡ ಕಂಪನಿಗಳು ಅವನ್ನು ಕೊಂಡು ಫೈಬರ್ ಹಾಕಿದವು. ಅಷ್ಟರಲ್ಲಿ ಜನಕ್ಕೆ ಕಡಿಮೆ ರೇಟಿನ ರುಚಿ ಹತ್ತಿತ್ತು. ಒತ್ತೊತ್ತಾಗಿ ಕಟ್ಟಿದ ಮನೆಗಳು ಬೇರೆ, ಒಂದು ಕಟ್ಟಡಕ್ಕೆ ಕೇಬಲ್ ಎಳೆದರೆ ಹತ್ತಾರು ಗಿರಾಕಿಗಳು. ದಕ್ಷಿಣ ಕೊರಿಯಾಕ್ಕೂ ಇದೇ ಅನುಕೂಲ.

ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದ್ದು ಬೇರೆ ದಾರಿ. 1994ರಲ್ಲಿ ನಗರವೇ ಕಂಪನಿ ಮಾಡಿ, ಫೈಬರ್ ಹೂತು, ಕೇಳಿದವರಿಗೆಲ್ಲ ಬಾಡಿಗೆಗೆ ಕೊಟ್ಟಿತು. ತಂತಿ ಒಬ್ಬರದ್ದು, ವ್ಯಾಪಾರ ಹಲವರದ್ದು.

ಇನ್ನು ಸ್ಪೀಡ್. ಜಾಹೀರಾತಿನಲ್ಲಿ ದಪ್ಪಗೆ ಬರೆದಿರುವುದು ಡೌನ್‌ಲೋಡ್ ಸ್ಪೀಡ್. ಟಿವಿ ಕೇಬಲ್ಲಿನಲ್ಲೇ ನೆಟ್ ಬರುವ ಮನೆಗಳಲ್ಲಿ ಸಾಮಾನ್ಯವಾಗಿ ಅಪ್‌ಲೋಡ್, ಅಂದರೆ ಮನೆಯಿಂದ ಹೊರಗೆ ಕಳಿಸುವ ಸ್ಪೀಡ್, ಅದಕ್ಕಿಂತ ತುಂಬಾ ಕಮ್ಮಿ. ವಿಡಿಯೋ ಕಾಲ್‌ನಲ್ಲಿ ನೀವು ತಮ್ಮನಿಗೆ ಸರಿಯಾಗಿ ಕಂಡು, ಅವರ ಮುಖ ಮಾತ್ರ ನಿಮಗೆ ಚೌಕ ಚೌಕ ಆಗುತ್ತಿದ್ದರೆ ಅಲ್ಲೇ ಅನುಮಾನಪಡಿ.

ಹಾಗಂತ ಎಲ್ಲದಕ್ಕೂ ಸುಮ್ನೆ ಕಂಪನಿಯನ್ನು ಬೈಯುವಂತಿಲ್ಲ. ನಾನು 500 ಎಂಬಿಪಿಎಸ್ ಪ್ಲಾನಿಗೆ ದುಡ್ಡು ಕಟ್ಟಿ ಮೂರು ತಿಂಗಳು 94ರಲ್ಲೇ ಕಾಲ ತಳ್ಳಿದೆ. ಫೋನ್ ಮಾಡಿದಾಗಲೆಲ್ಲ ‘ರೂಟರ್ ಆಫ್ ಮಾಡಿ ಆನ್ ಮಾಡಿ’ ಎನ್ನುವುದೊಂದೇ ಮಂತ್ರ. ಕೊನೆಗೆ ಕನ್ನಡಕ ಹಾಕಿಕೊಂಡು ಕೂತು ನೋಡಿದೆ. ರೂಟರಿನ ಕೇಬಲ್ಲಿನ ತುದಿಯಲ್ಲಿ ಎಂಟು ಪುಟ್ಟ ತಂತಿಗಳಿರುತ್ತವೆ. ಅದರಲ್ಲಿ ಕಂದು ಬಣ್ಣದ್ದು ತುಂಡಾಗಿತ್ತು. ಎಂಟೂ ಕೂಡದಿದ್ದರೆ ಆ ಕೇಬಲ್ 100ಕ್ಕಿಂತ ಮೇಲೆ ಹೋಗುವುದಿಲ್ಲ.

ತಮ್ಮನ ಮನೆಯ ಸ್ಪೀಡ್ ಟೆಸ್ಟ್ ಕೂಡ 94ರ ಹತ್ತಿರ ಬಂದು ಪ್ರತಿ ಸಲ ಅಲ್ಲೇ ನಿಲ್ಲುತ್ತಿದ್ದರೆ, ಮೊದಲು ಆ ಕೇಬಲ್ ಬದಲಾಯಿಸಲಿ. ಬಿಲ್ ಮಾತ್ರ ಅದರಿಂದ ಇಳಿಯುವುದಿಲ್ಲ.