ಕಮರ್ಷಿಯಲ್ ಜಾಗ ಲೀಸ್‌ಗೆ ತೆಗೆದುಕೊಳ್ಳುವ ಮೊದಲು ಯಾವ ಪದಗಳು ಗೊತ್ತಿರಬೇಕು?

ಟ್ರಿಪಲ್ ನೆಟ್, ಲಾಕ್-ಇನ್, ಕ್ಯಾಪ್ ರೇಟ್ ಅಂತ ಪಟ್ಟಿ ಮಾಡಿಕೊಂಡಿದ್ದೀರಿ. ಸಹಿ ಹಾಕುವ ಮೊದಲು ಇವುಗಳ ಅರ್ಥ ಕಲಿತರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ಇವೆಲ್ಲದರ ಅರ್ಥ ಗೊತ್ತಿದ್ದೂ ನಾನು ಸಿಕ್ಕಿಹಾಕಿಕೊಂಡೆ.

ನನ್ನದು ಟ್ರಿಪಲ್ ನೆಟ್ ಲೀಸ್. ಬಾಡಿಗೆಯ ಜೊತೆಗೆ ಕಟ್ಟಡದ ಆಸ್ತಿ ತೆರಿಗೆ, ವಿಮೆ, ನಿರ್ವಹಣೆ ಮೂರರಲ್ಲೂ ನಮ್ಮ ಪಾಲು ಕೊಡಬೇಕು. ಇದನ್ನು ತಿಳಿದೇ ಒಪ್ಪಿದ್ದೆ. ನಾನು ನೋಡದೆ ಬಿಟ್ಟದ್ದು ಒಂದೇ ಸಾಲು: ಆ ಪಾಲನ್ನು ಯಾವ ವಿಸ್ತೀರ್ಣದಿಂದ ಭಾಗಿಸುತ್ತಾರೆ ಅನ್ನುವುದು.

ಲೆಕ್ಕ ಹಾಕಿ ನೋಡಿ. ಕಟ್ಟಡದಲ್ಲಿ ಬಾಡಿಗೆಗೆ ಕೊಡಬಹುದಾದ ಜಾಗ ಒಟ್ಟು 50,000 ಚದರ ಅಡಿ, ನಿಮ್ಮದು 5,000. ನಿಮ್ಮ ಪಾಲು ಶೇ. 10. ಆದರೆ ಒಪ್ಪಂದದಲ್ಲಿ ‘ಬಾಡಿಗೆಗೆ ಹೋಗಿರುವ ಜಾಗ’ದಿಂದ ಭಾಗಿಸಬೇಕು ಅಂತಿದ್ದರೆ? ಕಟ್ಟಡ ತುಂಬಿರುವಾಗ ಏನೂ ವ್ಯತ್ಯಾಸ ಕಾಣುವುದಿಲ್ಲ. ಅರ್ಧ ಜಾಗ ಖಾಲಿಯಾದ ದಿನ ನಿಮ್ಮ ಪಾಲು ಶೇ. 20 ಆಗುತ್ತದೆ. ಖರ್ಚು ಮಾತ್ರ ಅರ್ಧಕ್ಕೆ ಇಳಿಯುವುದಿಲ್ಲ. ತೆರಿಗೆ ಅಷ್ಟೇ, ವಿಮೆ ಅಷ್ಟೇ, ಕಾವಲುಗಾರರ ಸಂಬಳವೂ ಅಷ್ಟೇ. ಖಾಲಿ ಜಾಗದ ಹೊರೆ ಮಾಲೀಕರ ಮೇಲೆ ಬೀಳಬೇಕಿತ್ತು, ಅಲ್ವಾ? ಅದು ಉಳಿದ ಬಾಡಿಗೆದಾರರ ತಲೆಗೆ ಬರುತ್ತದೆ. ನನಗಾದದ್ದು ಇದೇ. ದೊಡ್ಡ ಬಾಡಿಗೆದಾರರು ಬಿಟ್ಟುಹೋದರು, ನನ್ನ ಬಿಲ್ಲು ಏರಿತು. ಲಾಕ್-ಇನ್, ಅಂದರೆ ಮಧ್ಯದಲ್ಲಿ ಲೀಸ್ ಬಿಡಲಾಗದ ಅವಧಿ, ಮುಗಿದಿರಲಿಲ್ಲ, ಹಾಗಾಗಿ ಹೊರಗೆ ಬರುವ ದಾರಿ ಇರಲಿಲ್ಲ. ಕಂಪನಿ ಹೆಸರಿನಲ್ಲಿ ಲೀಸ್ ಇದ್ದರೂ ಪರ್ಸನಲ್ ಗ್ಯಾರಂಟಿಗೆ ಸಹಿ ಹಾಕಿದ್ದೆ. ಕಂಪನಿ ಕಟ್ಟದಿದ್ದರೆ ನನ್ನ ಸ್ವಂತ ಆಸ್ತಿಗೇ ಕೈ ಹಾಕಬಹುದಿತ್ತು.

ಆದ್ದರಿಂದ ಪದಕೋಶ ಓದುವುದನ್ನು ಬಿಡಿ. ನಿಮ್ಮ ಒಪ್ಪಂದದಲ್ಲೇ ‘ವ್ಯಾಖ್ಯೆಗಳು’ ಅನ್ನುವ ಭಾಗ ಇರುತ್ತದೆ. ಕೋರ್ಟಿಗೆ ಹೋದರೆ ಮೊದಲು ನೋಡುವುದು ಅದನ್ನೇ. ಇಂಟರ್‌ನೆಟ್‌ನಲ್ಲಿ ಓದಿದ ಅರ್ಥ ಅಲ್ಲಿ ನಿಲ್ಲುವುದಿಲ್ಲ. ‘ನಿರ್ವಹಣಾ ವೆಚ್ಚ’ದಲ್ಲಿ ಏನೇನು ಸೇರಿದೆ ನೋಡಿ. ಲಿಫ್ಟ್ ರಿಪೇರಿ ಸರಿ. ಹಳೆ ಲಿಫ್ಟ್ ತೆಗೆದು ಹೊಸದು ಹಾಕುವುದು ಬಂಡವಾಳ ವೆಚ್ಚ, ಅದನ್ನು ನೀವು ಯಾಕೆ ಪೂರ್ತಿ ಕಟ್ಟಬೇಕು?

ಕ್ಯಾಪ್ ರೇಟ್ ಕಟ್ಟಡ ಕೊಳ್ಳುವವರ ಲೆಕ್ಕ: ಬೆಲೆಯ ಶೇಕಡಾ ಎಷ್ಟು ವರ್ಷಕ್ಕೆ ಆದಾಯವಾಗಿ ಬರುತ್ತದೆ ಅನ್ನುವುದು. ವರ್ಷದ ನಿವ್ವಳ ಆದಾಯವನ್ನು ಅದರಿಂದ ಭಾಗಿಸಿದರೆ ಕಟ್ಟಡದ ಬೆಲೆ ಸಿಗುತ್ತದೆ. ನಿಮಗೆ ಇದು ಬೇಕಾಗುವುದು ಒಂದೇ ಕಾರಣಕ್ಕೆ. ಕ್ಯಾಪ್ ರೇಟ್ ಶೇ. 8 ಇದ್ದರೆ, ವರ್ಷಕ್ಕೆ ನಿಮ್ಮ ಮೇಲೆ ಹಾಕಿದ ಪ್ರತಿ 100 ರೂಪಾಯಿ ಖರ್ಚು ಮಾಲೀಕರ ನಿವ್ವಳ ಆದಾಯದಲ್ಲಿ ಉಳಿದು, ಕಟ್ಟಡದ ಬೆಲೆ 1,250 ರೂಪಾಯಿ ಏರುತ್ತದೆ. ಮಾಲೀಕರು ಈ ಸಾಲುಗಳನ್ನು ಸುಲಭಕ್ಕೆ ಬಿಟ್ಟುಕೊಡದಿರುವುದು ಇದಕ್ಕೇ.

ಹಿಂದಿನ 3 ವರ್ಷಗಳ ನಿರ್ವಹಣಾ ಲೆಕ್ಕ ಕೇಳಿ. ವರ್ಷಕ್ಕೆ ಇಷ್ಟಕ್ಕಿಂತ ಜಾಸ್ತಿ ಏರಬಾರದು ಅಂತ ಮಿತಿ ಬರೆಸಿ. ಲೆಕ್ಕ ಪರಿಶೀಲಿಸುವ ಹಕ್ಕನ್ನೂ ಬರೆಸಿ. ಭಾಗಿಸುವ ವಿಸ್ತೀರ್ಣ ಬದಲಾಯಿಸಲು ಒಪ್ಪದಿದ್ದರೆ ಗ್ರಾಸ್ ಲೀಸ್ ಕೇಳಿ. ಅದರಲ್ಲಿ ಬಾಡಿಗೆ ಜಾಸ್ತಿ ಇರುತ್ತದೆ, ಆದರೆ ಇವೆಲ್ಲ ಅದರೊಳಗೇ ಬರುತ್ತವೆ. ನಾನಾದರೆ ಅದನ್ನೇ ತೆಗೆದುಕೊಳ್ಳುತ್ತೇನೆ.